ಬೆಟ್ಟದಿಂದ ಕಡಲವರೆಗೆ: ಹವಾಯಿ ಜನ ನೆಲ ಕಾಯ್ದ ಬಗೆ

(ಪರಿಸರ ಮತ್ತು ಸಂಸ್ಕೃತಿ ಕುರಿತ ಸಂಜೆಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಬಹಳ ದೂರದ ಒಂದು ನಾಡಿನ ಬಗ್ಗೆ ಈ ಸಂಜೆ ಮಾತನಾಡಬೇಕಾಗಿದೆ. ಅಷ್ಟು ದೂರ ಹೋಗುವ ಮುನ್ನ ನಮ್ಮ ಮನೆಯ ಊಟದ ಎಲೆಯಿಂದಲೇ ಪ್ರಾರಂಭಿಸುವುದು ಒಳ್ಳೆಯದು. ಇಲ್ಲಿ ಮಲೆನಾಡಿನವರು, ಕರಾವಳಿಯವರು ಹಲವರಿದ್ದೀರಿ. ಮಳೆಗಾಲ ಬಂದರೆ ನಿಮ್ಮ ಮನೆಗಳಲ್ಲಿ ಪತ್ರೊಡೆ ಆಗಲೇಬೇಕು. ಕೆಸುವಿನ ಎಲೆಗೆ ಅಕ್ಕಿ, ಮಸಾಲೆ ರುಬ್ಬಿದ ಹಿಟ್ಟನ್ನು ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಹುಣಿಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ ಎಂಬುದೂ ನಿಮಗೆ ಗೊತ್ತು. ಆ ಕೆಸು ನಮ್ಮಲ್ಲಿ ಬಚ್ಚಲ ನೀರು ಹರಿಯುವ ಕಡೆ, ತೋಟದ ಅಂಚಿನಲ್ಲಿ, ಎಷ್ಟೋ ವೇಳೆ ಯಾರೂ ನೆಡದೆ ತಾನಾಗಿ ಬೆಳೆಯುವ ಗಿಡ. ಅದರ ಎಲೆ, ಗಡ್ಡೆ ಎರಡನ್ನೂ ತಿನ್ನುತ್ತೇವೆ. ಆದರೆ ಅದಕ್ಕೆ ವಿಶೇಷ ಮರ್ಯಾದೆಯನ್ನೇನೂ ಕೊಡುವುದಿಲ್ಲ.

ಶಾಂತಸಾಗರದ ನಟ್ಟನಡುವೆ ಒಂದು ದ್ವೀಪಸಮೂಹವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಿಂದ ಸುಮಾರು 3,800 ಕಿ.ಮೀ. ದೂರ. ಅಲ್ಲಿನ ಮೂಲನಿವಾಸಿಗಳು ಇದೇ ಕೆಸುವನ್ನು ತಮ್ಮ ಅಣ್ಣ ಎನ್ನುತ್ತಾರೆ. ಆ ನಾಡೇ ಹವಾಯಿ. ಅವರ ಭಾಷೆಯಲ್ಲಿ ಕೆಸುವಿಗೆ ‘ಕಾಲೊ’ ಎಂದು ಹೆಸರು.

ಕಥೆ ಹೀಗಿದೆ. ಆಕಾಶದ ಒಡೆಯ ವಾಕೆಯಾನಿಗೆ ಒಂದು ಮಗು ಹುಟ್ಟಿತು. ಹುಟ್ಟುವಾಗಲೇ ಅದಕ್ಕೆ ಜೀವವಿರಲಿಲ್ಲ. ಅದನ್ನು ಮನೆಯ ಪಕ್ಕದಲ್ಲಿ ಹೂಳಿದರು. ಆ ಜಾಗದಲ್ಲಿ ಒಂದು ಗಿಡ ಚಿಗುರಿತು. ಉದ್ದನೆಯ ದಂಟಿನ ತುದಿಯಲ್ಲಿ ಅದರ ಎಲೆ ಗಾಳಿಗೆ ನಡುಗುತ್ತಿತ್ತು. ಅದೇ ಮೊದಲ ಕಾಲೊ. ಆಮೇಲೆ ಎರಡನೆಯ ಮಗು ಹುಟ್ಟಿತು. ಅದು ಬದುಕಿತು. ಸತ್ತ ಅಣ್ಣನ ಹೆಸರನ್ನೇ ಅದಕ್ಕೂ ಇಟ್ಟರು: ಹಾಲೊವಾ. ಹವಾಯಿಯ ಜನರೆಲ್ಲ ಈ ಎರಡನೆಯ ಮಗುವಿನ ಸಂತತಿ. ಹಾಗಾಗಿ ಗಿಡ ಅಣ್ಣ, ಮನುಷ್ಯ ತಮ್ಮ. ಅಣ್ಣ ತಮ್ಮನಿಗೆ ಅನ್ನ ಕೊಡುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು. ಬೇಯಿಸಿದ ಗಡ್ಡೆಯನ್ನು ಜಜ್ಜಿ, ನೀರು ಬೆರೆಸಿ ಮಾಡುವ ‘ಪೋಯಿ’ ಅಲ್ಲಿನ ಮುಖ್ಯ ಆಹಾರವಾಗಿತ್ತು. ಪೋಯಿಯ ಬಟ್ಟಲು ತೆರೆದಿರುವಾಗ ಮನೆಯಲ್ಲಿ ಯಾರೂ ಜಗಳವಾಡಬಾರದು ಎಂಬುದು ಹಳೆಯ ನಿಯಮ. ಹಿರಿಯಣ್ಣ ಎದುರಿಗೆ ಕುಳಿತಿರುವಾಗ ದನಿ ಎತ್ತುವುದು ಹೇಗೆ?

ಸಸ್ಯಶಾಸ್ತ್ರದ ದೃಷ್ಟಿಯಿಂದ ನಮ್ಮ ಕೆಸುವೂ ಅವರ ಕಾಲೊವೂ ಒಂದೇ ಜಾತಿ. ಏಷ್ಯಾದ ತೇವದ ನೆಲದಲ್ಲಿ ಹುಟ್ಟಿದ ಈ ಗಿಡ ದೋಣಿಯಿಂದ ದೋಣಿಗೆ, ದ್ವೀಪದಿಂದ ದ್ವೀಪಕ್ಕೆ ಪೂರ್ವದ ಕಡೆ ಸಾಗಿತು. ಕ್ರಿ.ಶ. 1000ದಿಂದ 1200ರ ನಡುವೆ ಪಾಲಿನೇಷ್ಯದ ನಾವಿಕರು ಜೋಡಿ ದೋಣಿಗಳಲ್ಲಿ ಹವಾಯಿಗೆ ಬಂದು ನೆಲೆಸಿದರು. ಬರುವಾಗ ಎರಡು ಡಜನ್‌ನಷ್ಟು ಗಿಡಗಳನ್ನು ಜೊತೆಗೆ ತಂದರು. ತೆಂಗು, ಬಾಳೆ, ಕಬ್ಬು, ಅರಿಸಿನ, ನಮ್ಮ ದಕ್ಷಿಣ ಕನ್ನಡದವರು ಜೀಗುಜ್ಜೆ ಎನ್ನುವ ದೀವಿಹಲಸು ಇವೆಲ್ಲ ಅದರಲ್ಲಿದ್ದವು. ಪಟ್ಟಿಯನ್ನು ನೋಡಿದರೆ ನಮ್ಮ ಕರಾವಳಿಯ ಹಿತ್ತಲನ್ನೇ ನೋಡಿದಂತಾಗುತ್ತದೆ.

ಇದಿಷ್ಟು ಪೀಠಿಕೆ. ನಾನು ಹೇಳಬೇಕೆಂದಿರುವುದು ಬೇರೆ. ಪರಿಸರ ಕಾಳಜಿ ಎಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಕಸದ ಬುಟ್ಟಿ. ಹಸಿ ಕಸ ಬೇರೆ, ಒಣ ಕಸ ಬೇರೆ. ಬಾಟಲಿ, ಕಾಗದ ಮರುಬಳಕೆಗೆ. ಇದು ಬೇಕು, ಬೇಡವೆಂದು ಯಾರೂ ಹೇಳಲಾರರು. ಆದರೆ ಇದು ಕೆಲಸದ ಕೊನೆಯ ತುದಿ. ಹವಾಯಿಯ ಹಳೆಯ ವ್ಯವಸ್ಥೆ ಮೊದಲ ತುದಿಯಿಂದ ಪ್ರಶ್ನೆ ಕೇಳುತ್ತಿತ್ತು. ಈ ನೀರು ಎಲ್ಲಿಂದ ಬಂತು? ನನ್ನನ್ನು ದಾಟಿ ಎಲ್ಲಿಗೆ ಹೋಗುತ್ತದೆ? ಅಲ್ಲಿ ಯಾರಿದ್ದಾರೆ? ಈ ಪ್ರಶ್ನೆ ಉಳಿದಿದ್ದಷ್ಟು ಕಾಲ ಅಲ್ಲಿ ಏನಾಯಿತು, ಅದು ಕಡಿದುಹೋದಾಗ ಏನಾಯಿತು ಎಂಬುದೇ ಇಂದಿನ ಮಾತು.

ಬೆಟ್ಟದ ತುದಿಯಿಂದ ಹವಳದ ದಿಬ್ಬದವರೆಗೆ

ಹವಾಯಿ ದ್ವೀಪಗಳು ಜ್ವಾಲಾಮುಖಿಗಳಿಂದ ಹುಟ್ಟಿದವು. ನಡುವೆ ಎತ್ತರದ ಬೆಟ್ಟ, ಸುತ್ತ ಕಡಲು. ಮೋಡ ಬೆಟ್ಟಕ್ಕೆ ತಾಗಿ ಮಳೆ ಸುರಿಯುತ್ತದೆ. ಹಳ್ಳಗಳು ಕಣಿವೆ ಕೊರೆಯುತ್ತ ಕೆಲವೇ ಕಿ.ಮೀ. ಹರಿದು ಸಮುದ್ರ ಸೇರುತ್ತವೆ. ಅಲ್ಲಿನ ಜನ ನೆಲವನ್ನು ಹಂಚಿಕೊಂಡದ್ದು ಈ ಹಳ್ಳಗಳ ದಾರಿಯನ್ನು ನೋಡಿಕೊಂಡು. ಬೆಟ್ಟದ ನೆತ್ತಿಯಿಂದ ಹೊರಟು, ಕಾಡು, ಗದ್ದೆ, ಊರು, ಮರಳದಂಡೆ ದಾಟಿ, ಕಡಲೊಳಗಿನ ಹವಳದ ದಿಬ್ಬದವರೆಗೆ ಇಳಿಯುವ ಒಂದು ಹೋಳು. ದುಂಡನೆಯ ರೊಟ್ಟಿಯನ್ನು ನಡುವಿನಿಂದ ಅಂಚಿನವರೆಗೆ ಕತ್ತರಿಸಿದ ಹಾಗೆ. ಈ ಹೋಳಿಗೆ ‘ಅಹುಪುವಾ’ ಎಂದು ಹೆಸರು. ‘ಅಹು’ ಎಂದರೆ ಕಲ್ಲಿನ ಗುಡ್ಡೆ, ‘ಪುವಾ’ ಎಂದರೆ ಹಂದಿ. ವರ್ಷಕ್ಕೊಮ್ಮೆ ಸುಗ್ಗಿಯ ಕಾಲದಲ್ಲಿ ಗಡಿಯ ಕಲ್ಲುಗುಡ್ಡೆಯ ಮೇಲೆ ಹಂದಿಯನ್ನೋ ಅದರ ಪ್ರತಿರೂಪವನ್ನೋ ಇತರ ಕಾಣಿಕೆಗಳೊಡನೆ ಇಡುತ್ತಿದ್ದುದರಿಂದ ಈ ಹೆಸರು ಬಂತು.

ಎಲ್ಲ ಅಹುಪುವಾಗಳೂ ಒಂದೇ ಅಳತೆಯವಲ್ಲ. ನೀರು ಹೆಚ್ಚಿದ್ದಲ್ಲಿ ಕಿರಿದು, ಒಣ ಭಾಗದಲ್ಲಿ ಹಿರಿದು. ಆದರೆ ತಾತ್ಪರ್ಯ ಒಂದೇ: ಒಂದು ಸಮುದಾಯಕ್ಕೆ ಬದುಕಲು ಬೇಕಾದದ್ದೆಲ್ಲ ಆದಷ್ಟೂ ಆ ಹೋಳಿನೊಳಗೇ ಸಿಗಬೇಕು. ಮೇಲಿನ ಕಾಡಿನಲ್ಲಿ ದೋಣಿಗೆ ಬೇಕಾದ ‘ಕೊವಾ’ ಮರ, ಬಲೆಯ ಹುರಿಗೆ ನಾರು, ಔಷಧದ ಸೊಪ್ಪು. ನಡುವೆ ಕಾಲೊ ಗದ್ದೆ, ಗೆಣಸಿನ ಹೊಲ. ಕೆಳಗೆ ತೆಂಗು, ಉಪ್ಪು, ಮೀನು. ಮೇಲಿನ ಮನೆಯವರು ಗಡ್ಡೆಯನ್ನು ಕೆಳಗೆ ಕೊಡುತ್ತಿದ್ದರು, ಕೆಳಗಿನ ಮನೆಯವರು ಮೀನನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ಇದು ಸಂತೆಯ ವ್ಯಾಪಾರವಲ್ಲ, ನೆಂಟರೊಳಗಿನ ಕೊಡುಕೊಳ್ಳುವಿಕೆ.

ನೆಲ ಯಾರ ಸ್ವಂತದ್ದೂ ಆಗಿರಲಿಲ್ಲ. ರಾಜನೂ ಅದನ್ನು ದೇವರ ಪರವಾಗಿ ನೋಡಿಕೊಳ್ಳುವವನು. ಅವನ ಕೆಳಗೆ ಒಡೆಯರು. ಪ್ರತಿ ಅಹುಪುವಾಕ್ಕೆ ‘ಕೊನೊಹಿಕಿ’ ಎಂಬ ಮೇಲ್ವಿಚಾರಕ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಮರ ಕಡಿಯಬಹುದು, ಯಾವ ತಿಂಗಳು ಯಾವ ಮೀನು ಮುಟ್ಟಬಾರದು ಎಂಬುದನ್ನೆಲ್ಲ ನಿರ್ಧರಿಸುವವನು ಅವನೇ. ನಮ್ಮ ಕೆರೆಗಳ ನೀರುಗಂಟಿಯ ಕೆಲಸದ ಜೊತೆಗೆ ಕಾಡು, ಕಡಲುಗಳ ಹೊಣೆಯನ್ನೂ ಸೇರಿಸಿದರೆ ಕೊನೊಹಿಕಿಯ ಸ್ಥೂಲ ಚಿತ್ರ ಸಿಗುತ್ತದೆ. ದುಡಿಯುವ ಪ್ರಜೆ ನೆಲಕ್ಕೆ ಕಟ್ಟುಬಿದ್ದ ಜೀತದವನಾಗಿರಲಿಲ್ಲ. ಮೇಲಿನವರ ಕಾಟ ವಿಪರೀತವಾದರೆ ಇನ್ನೊಂದು ಅಹುಪುವಾಕ್ಕೆ ಹೊರಟುಹೋಗಬಹುದಿತ್ತು. ದುಡಿಯುವ ಕೈಗಳು ಹೋದರೆ ಒಡೆಯನಿಗೇ ನಷ್ಟ.

ನೀರೇ ಸಂಪತ್ತು

ಹವಾಯಿ ಭಾಷೆಯಲ್ಲಿ ಸಿಹಿನೀರಿಗೆ ‘ವಾಯಿ’ ಎನ್ನುತ್ತಾರೆ. ಅದನ್ನೇ ಎರಡು ಸಲ ಹೇಳಿದರೆ, ‘ವಾಯಿವಾಯಿ’ ಎಂದರೆ, ಸಂಪತ್ತು ಎಂದು ಅರ್ಥ. ಕಾನೂನಿಗೆ ಅವರ ಮಾತು ‘ಕಾನಾವಾಯಿ’. ಅದರ ಒಳಗೂ ನೀರು ಕೇಳಿಸುತ್ತದೆ. ನಮ್ಮ ‘ಕಾನೂನು’ ಶಬ್ದಕ್ಕೂ ಅದಕ್ಕೂ ನಂಟಿಲ್ಲ, ದನಿ ಹೋಲುವುದು ಆಕಸ್ಮಿಕ ಅಷ್ಟೆ. ನೆಲಕ್ಕೆ ‘ಆಯಿನಾ’ ಎನ್ನುತ್ತಾರೆ. ಉಣ್ಣಲು ಕೊಡುವುದು ಎಂಬುದು ಅದರ ಅರ್ಥ.

ಕಾಲೊ ಗದ್ದೆಗೆ ಹರಿಯುವ, ತಣ್ಣಗಿನ ನೀರು ಬೇಕು. ನಿಂತು ಬೆಚ್ಚಗಾದರೆ ಗಡ್ಡೆ ಕೊಳೆಯುತ್ತದೆ. ಅದಕ್ಕಾಗಿ ಹಳ್ಳಕ್ಕೆ ಕಲ್ಲಿನ ಸಣ್ಣ ಒಡ್ಡು ಹಾಕಿ, ಒಂದು ಪಾಲು ನೀರನ್ನು ಮಾತ್ರ ‘ಔವಾಯಿ’ ಎಂಬ ಕಾಲುವೆಗೆ ತಿರುಗಿಸುತ್ತಿದ್ದರು. ಹಳ್ಳವನ್ನು ಪೂರ್ತಿ ಕಟ್ಟುವಂತಿರಲಿಲ್ಲ. ಕಾಲುವೆಯ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿದು, ಕೊನೆಗೆ ಮತ್ತೆ ಹಳ್ಳಕ್ಕೇ ಸೇರುತ್ತಿತ್ತು. ಕಾಲುವೆ ತೋಡಲು, ವರ್ಷ ವರ್ಷ ಹೂಳೆತ್ತಲು ಯಾರು ಎಷ್ಟು ಆಳು ಕೊಟ್ಟರೋ ಆ ಲೆಕ್ಕದಲ್ಲಿ ನೀರಿನ ಪಾಳಿ. ದುಡಿಮೆಗೆ ಬಾರದವನಿಗೆ ನೀರು ಕೇಳುವ ಬಾಯಿಯಿಲ್ಲ.

ಗದ್ದೆಗಳನ್ನು ದಾಟುವಾಗ ನೀರು ತಂದ ಮಣ್ಣು ಅಲ್ಲೇ ತಂಗುತ್ತಿತ್ತು. ತಿಳಿಯಾದ, ಆದರೆ ಗದ್ದೆಯ ಸತ್ವ ಹೊತ್ತ ನೀರು ಕಡಲಂಚಿಗೆ ಬರುತ್ತಿತ್ತು. ಅಲ್ಲಿ ಇನ್ನೊಂದು ಚಮತ್ಕಾರ ಕಾದಿತ್ತು: ಮೀನುಕೊಳ. ದಂಡೆಯಿಂದ ಹೊರಟು ಕಡಲೊಳಗೆ ಬಿಲ್ಲಿನಂತೆ ಬಾಗಿ ಮತ್ತೆ ದಂಡೆಗೆ ಬರುವ ಕಲ್ಲಿನ ಗೋಡೆ. ಗೋಡೆಯಲ್ಲಿ ‘ಮಾಕಾಹಾ’ ಎಂಬ ಕಿಂಡಿಬಾಗಿಲುಗಳು, ಬಾಗಿಲಿಗೆ ಹತ್ತಿರ ಹತ್ತಿರ ಕಟ್ಟಿದ ಕೋಲುಗಳ ಜಾಲರಿ. ಬೆರಳುದ್ದದ ಮರಿಗಳು ಜಾಲರಿಯ ಸಂದಿನಿಂದ ಒಳಗೆ ಬರುತ್ತವೆ. ಸಿಹಿನೀರು, ಉಪ್ಪುನೀರು ಬೆರೆತ ಕೊಳದಲ್ಲಿ ಪಾಚಿ ಸಮೃದ್ಧ. ಅದನ್ನು ತಿಂದು ಕೊಬ್ಬಿದ ಮೇಲೆ ಹೊರಗೆ ಹೋಗಲು ಸಂದು ಸಾಲದು. ಉಬ್ಬರ ಇಳಿತದ ಹೊತ್ತಿಗೆ ದೊಡ್ಡ ಮೀನುಗಳು ಬಾಗಿಲ ಬಳಿ ಗುಂಪುಗೂಡುತ್ತವೆ. ಬೇಕಾದಷ್ಟನ್ನು ಹಿಡಿದುಕೊಳ್ಳಬಹುದು. ನಮ್ಮ ಕರಾವಳಿಯಲ್ಲಿ ಹೂಮೀನು ಎನ್ನುವ ಜಾತಿ ಅಲ್ಲಿನ ಕೊಳಗಳಲ್ಲೂ ಮುಖ್ಯವಾಗಿತ್ತು. ದ್ವೀಪಗಳಲ್ಲೆಲ್ಲ ಇಂಥ 400ಕ್ಕೂ ಹೆಚ್ಚು ಕೊಳಗಳಿದ್ದವು.

ಈ ಸರಪಳಿಯನ್ನು ಗಮನಿಸಿ. ಮೇಲಿನವನು ಕಾಡು ಬೋಳಿಸಿದರೆ ಕೆಳಗಿನವನ ಕೊಳ ಹೂಳುತ್ತದೆ. ನಡುವಿನವನು ಹಳ್ಳ ಕಟ್ಟಿದರೆ ಮೀನಿನ ಮರಿಗೆ ಸಿಹಿನೀರಿಲ್ಲ. ತಪ್ಪು ಮಾಡಿದವನೂ ಅದರ ಫಲ ಉಂಡವನೂ ಒಂದೇ ಹೋಳಿನಲ್ಲಿ, ಬಹುಪಾಲು ಒಂದೇ ಬಳಗದಲ್ಲಿ ಇರುತ್ತಿದ್ದರು. ಇನ್ನೊಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಅವಕಾಶವೇ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವಾಳ ಇದೇ.

ಹಾಳಾಗದ ಬಟ್ಟಲು

ದಿನದ ಬದುಕಿನಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. ಕಾಲೊ ಗಡ್ಡೆ ಕಿತ್ತಾಗ ಅದರ ತಲೆಯ ಒಂದು ಬಿಲ್ಲೆಯನ್ನು ದಂಟಿನ ಬುಡದ ಸಮೇತ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅದೇ ಮುಂದಿನ ಬೆಳೆಗೆ ನಾಟಿ. ಅದರ ಹೆಸರು ‘ಹುಲಿ’. ನಮ್ಮ ಕಾಡಿನ ಹುಲಿಗೂ ಇದಕ್ಕೂ ಸಂಬಂಧವಿಲ್ಲ! ಇವತ್ತು ತಿಂದ ಗಿಡವೇ ನಾಳೆ ಮತ್ತೆ ಗದ್ದೆಗೆ ಇಳಿಯುತ್ತದೆ. ಒಂದೊಂದು ತಳಿಯೂ ಹೀಗೆ ಕೈಯಿಂದ ಕೈಗೆ, ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದದ್ದು. ಸಿಪ್ಪೆ ಹಂದಿಗೆ. ಕಾಡಿನ ಸೊಪ್ಪನ್ನು ತಂದು ಗದ್ದೆಯ ಕೆಸರಿಗೆ ತುಳಿದರೆ ಅದೇ ಗೊಬ್ಬರ.

ಆ ದ್ವೀಪಗಳಲ್ಲಿ ಲೋಹವಿರಲಿಲ್ಲ, ಮಡಕೆ ಮಾಡುವ ಕಸುಬೂ ಇರಲಿಲ್ಲ. ಬಟ್ಟಲುಗಳು ಸೋರೆಬುರುಡೆಯವು ಅಥವಾ ಮರದವು. ಕಲ್ಲಿನ ಬಾಚಿಯಿಂದ ಮರದ ದಿಮ್ಮಿಯನ್ನು ಕೆತ್ತಿ, ಉಜ್ಜಿ, ನುಣುಪು ಮಾಡುವುದು ದೀರ್ಘ ಕಾಲದ ಕೆಲಸ. ಅಂಥ ಬಟ್ಟಲು ಸೀಳುಬಿಟ್ಟರೆ ಎಸೆಯುವ ಮಾತೇ ಇಲ್ಲ. ಸೀಳಿನ ಎರಡೂ ಕಡೆ ಕಚ್ಚು ಕೊರೆದು, ಮೀನಿನ ಬಾಲದ ಆಕಾರದ ಮರದ ತುಂಡನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಈ ತೇಪೆಗೆ ‘ಪೇವಾ’ ಎಂದು ಹೆಸರು. ಆಶ್ಚರ್ಯವೆಂದರೆ, ತೇಪೆ ಹೆಚ್ಚಿದಷ್ಟೂ ಬಟ್ಟಲಿನ ಬೆಲೆ ಹೆಚ್ಚುತ್ತಿತ್ತು. ಇಷ್ಟು ಜನ ಇದನ್ನು ಉಳಿಸಿಕೊಳ್ಳಲು ಬಯಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಮರುಬಳಕೆ ಎಂಬ ಶಬ್ದ ಅವರಿಗೆ ಬೇಕಾಗಿರಲಿಲ್ಲ, ಏಕೆಂದರೆ ‘ಕಸ’ ಎಂದು ಬೇರೆಯಾಗಿ ಇಡುವಂಥದ್ದು ಅಲ್ಲಿ ಅಷ್ಟಾಗಿ ಇರಲೇ ಇಲ್ಲ.

ಕಡಲಿಗೂ ನಿಯಮವಿತ್ತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಅದನ್ನು ಹಿಡಿಯುವುದಕ್ಕೆ ‘ಕಪು’, ಅಂದರೆ ನಿಷೇಧ. ‘ಆಕು’ ಎಂಬ ಟ್ಯೂನಾ ಮೀನಿಗೆ ಅರ್ಧ ವರ್ಷ, ‘ಓಪೆಲು’ ಎಂಬ ಸಣ್ಣ ಮೀನಿಗೆ ಉಳಿದ ಅರ್ಧ. ಒಂದು ಊಟಕ್ಕೆ ಸಿಗುವಾಗ ಇನ್ನೊಂದಕ್ಕೆ ಬಿಡುವು.

ಸ್ವರ್ಗವೇನೂ ಅಲ್ಲ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಳೆಯದೆಲ್ಲ ಹೊನ್ನು ಎಂದು ಹಾಡುವುದು ಸುಲಭ. ಹವಾಯಿಯ ಕಪು ಪದ್ಧತಿ ಬಹಳ ಕಠಿಣವಾಗಿತ್ತು. ನಿಷೇಧ ಮೀರಿದವರಿಗೆ ಮರಣದಂಡನೆ ಅಪರೂಪವಲ್ಲ. ಹೆಂಗಸರು ಗಂಡಸರೊಡನೆ ಕುಳಿತು ಉಣ್ಣುವಂತಿರಲಿಲ್ಲ. ಬಾಳೆಹಣ್ಣು, ಹಂದಿಮಾಂಸ ಅವರಿಗೆ ನಿಷಿದ್ಧ. 1819ರಲ್ಲಿ ರಾಣಿ ಕಾಹುಮಾನು ಮತ್ತು ಯುವ ದೊರೆ ಲಿಹೊಲಿಹೊ ಬಹಿರಂಗವಾಗಿ ಒಟ್ಟಿಗೆ ಉಂಡು ಆ ಪದ್ಧತಿಯನ್ನು ಮುರಿದರು. ಹೊರಗಿನವರು ಬಂದು ಮುರಿದದ್ದಲ್ಲ.

ಇನ್ನೊಂದು ಸತ್ಯ ಮಣ್ಣಿನೊಳಗಿನ ಮೂಳೆಗಳಿಂದ ತಿಳಿದಿದೆ. ಮೊದಲ ಜನ ಬಂದ ಮೇಲೆ, ಯೂರೋಪಿನವರು ಬರುವುದಕ್ಕೆ ಮುಂಚೆಯೇ, ಹಾರಲಾರದ ಹಕ್ಕಿಗಳೂ ಸೇರಿದಂತೆ ಅನೇಕ ಜಾತಿಯ ಹಕ್ಕಿಗಳು ಅಲ್ಲಿ ನಿರ್ನಾಮವಾದವು. ತಗ್ಗಿನ ಕಾಡುಗಳು ಹೊಲಗಳಾದವು. ದೋಣಿಯಲ್ಲಿ ಬಂದ ಇಲಿಗಳೂ ಕಾಡಿಗೆ ಹಾನಿ ಮಾಡಿದವು. ಅಂದರೆ ಅವರು ಹುಟ್ಟಿನಿಂದಲೇ ಪರಿಸರ ಜ್ಞಾನಿಗಳಾಗಿರಲಿಲ್ಲ. ಹೆಚ್ಚುತ್ತಿದ್ದ ಜನ, ಸುತ್ತ ಕಡಲು, ಓಡಿಹೋಗಲು ಬೇರೆ ಕಾಡಿಲ್ಲ. ಈ ಒತ್ತಡದ ನಡುವೆ ಶತಮಾನಗಳಲ್ಲಿ ನಿಧಾನವಾಗಿ ಬೆಳೆದ ವ್ಯವಸ್ಥೆ ಇದು. ಅವರು ನಮ್ಮಂಥ ಸಾಮಾನ್ಯ ಮನುಷ್ಯರು ಎಂಬುದರಲ್ಲೇ ನಮಗೆ ಭರವಸೆಯಿದೆ.

ಹೋಳು ಚೂರಾದಾಗ

1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಬಂದವು. ಅವುಗಳ ಹಿಂದೆಯೇ ಹೊಸ ರೋಗಗಳು ಬಂದವು. ಲಕ್ಷಗಟ್ಟಲೆ ಇದ್ದ ಜನ 1890ರ ದಶಕದ ಹೊತ್ತಿಗೆ ಸುಮಾರು 40 ಸಾವಿರಕ್ಕೆ ಇಳಿದರು. ಗದ್ದೆ ಉಳಲು, ಕಾಲುವೆ ಹೂಳೆತ್ತಲು ಕೈಗಳೇ ಇಲ್ಲವಾದವು.

ಎರಡನೆಯ ಪೆಟ್ಟು ಕಾಗದದ ಮೂಲಕ ಬಂತು. ವಿದೇಶಿಯರ ಒತ್ತಡ ಹೆಚ್ಚುತ್ತಿದ್ದ ಕಾಲ. 1848ರಲ್ಲಿ ಮೂರನೆಯ ಕಾಮೆಹಮೆಹಾ ದೊರೆಯ ಆಳ್ವಿಕೆಯಲ್ಲಿ ನೆಲವನ್ನು ಖಾಸಗಿ ಆಸ್ತಿಯಾಗಿ ಭಾಗ ಮಾಡಲಾಯಿತು. ಇದನ್ನು ‘ಮಹಾ ಮಹೇಲೆ’, ಅಂದರೆ ದೊಡ್ಡ ವಿಭಜನೆ, ಎನ್ನುತ್ತಾರೆ. ಪ್ರಜೆಗಳ ನೆಲ ಉಳಿಸಬೇಕೆಂಬ ಉದ್ದೇಶವೂ ಅದರ ಹಿಂದಿತ್ತು. ಆದರೆ ಹಕ್ಕು ಸಾಧಿಸಲು ಅರ್ಜಿ, ಸಾಕ್ಷಿ, ಮೋಜಣಿ ಬೇಕಾದವು. ಸಾಮಾನ್ಯರಿಗೆ ಕೊನೆಗೆ ದಕ್ಕಿದ್ದು 30 ಸಾವಿರ ಎಕರೆಗೂ ಕಡಿಮೆ. ಒಟ್ಟು ನೆಲದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. 1850ರಲ್ಲಿ ವಿದೇಶಿಯರೂ ನೆಲ ಕೊಳ್ಳಬಹುದೆಂದಾಯಿತು.

ಪ್ರಜೆಗಳಿಗೆ ಸಿಕ್ಕ ಆ ತುಂಡು ನೆಲಕ್ಕೆ ‘ಕುಲೆಯಾನಾ’ ಎಂದು ಹೆಸರು. ಬಹಳ ಅರ್ಥವುಳ್ಳ ಮಾತು ಇದು. ಕುಲೆಯಾನಾ ಎಂದರೆ ಹಕ್ಕು. ಕುಲೆಯಾನಾ ಎಂದರೆ ಹೊಣೆ. ಎರಡಕ್ಕೂ ಒಂದೇ ಶಬ್ದ. ಕನ್ನಡದಲ್ಲಿ ನಾವು ಎರಡನ್ನೂ ಬೇರೆ ಬೇರೆ ಹೇಳುತ್ತೇವೆ. ಅವರ ಭಾಷೆಯಲ್ಲಿ ನನ್ನ ಹಕ್ಕು ಎಂದು ಹೇಳಿದೊಡನೆ ನನ್ನ ಹೊಣೆ ಎಂದೂ ಹೇಳಿದಂತಾಗುತ್ತದೆ. ಆಸ್ತಿಪತ್ರದಲ್ಲಿ ಉಳಿದದ್ದು ಮೊದಲ ಅರ್ಥ ಮಾತ್ರ.

ಮೂರನೆಯದು ಕಬ್ಬು. ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕವಿಲ್ಲ ಎಂಬ ಒಪ್ಪಂದ 1870ರ ದಶಕದಲ್ಲಿ ಜಾರಿಗೆ ಬಂತು. ಕಬ್ಬು ನೀರು ಕುಡಿಯುವ ಬೆಳೆ. ತೋಟಗಳಿದ್ದದ್ದು ದ್ವೀಪಗಳ ಒಣ ಮಗ್ಗುಲಿನಲ್ಲಿ. ಹಾಗಾಗಿ ಮಳೆಯ ಮಗ್ಗುಲಿನ ಹಳ್ಳಗಳನ್ನು ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು ಆಚೆಗೆ ತಿರುಗಿಸಿದರು. ಓವಾಹು ದ್ವೀಪದ ವಾಯಿಯಾಹೊಲೆ ಕಾಲುವೆ 1916ರಲ್ಲಿ ಮುಗಿಯಿತು. ಅದು ದಿನಕ್ಕೆ ಸುಮಾರು 2.7 ಕೋಟಿ ಗ್ಯಾಲನ್ ನೀರನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸಾಗಿಸುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತವೇ. ಆದರೆ ಇಲ್ಲಿ ನೀರು ಹಳ್ಳಕ್ಕೆ ಹಿಂತಿರುಗಲಿಲ್ಲ. ಈಚೆಯ ಕಾಲೊ ಗದ್ದೆಗಳು ಒಣಗಿದವು, ಅಳಿವೆಯ ಮೀನು ಕಡಿಮೆಯಾಯಿತು. ನೀರು ಬಳಸಿದವರು ಬೆಟ್ಟದ ಆಚೆ, ನಷ್ಟ ಅನುಭವಿಸಿದವರು ಈಚೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ.

1893ರಲ್ಲಿ ರಾಣಿ ಲಿಲಿಯುವೊಕಲಾನಿಯನ್ನು ಪದಚ್ಯುತಗೊಳಿಸಲಾಯಿತು. ಅದರ ಹಿಂದೆ ಇದ್ದ ಗುಂಪಿನಲ್ಲಿ ಸಕ್ಕರೆಯ ಹಿತಾಸಕ್ತಿಗಳಿದ್ದವು. 1898ರಲ್ಲಿ ಹವಾಯಿ ಅಮೆರಿಕದ ವಶವಾಯಿತು. 1959ರಲ್ಲಿ ಅದರ 50ನೇ ರಾಜ್ಯವಾಯಿತು.

ಹಳ್ಳಕ್ಕೆ ನೀರು ಮರಳಿದ್ದು

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ವಿಷಯವನ್ನು ಆರಿಸಿಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಹವಾಯಿ ಜನರಲ್ಲಿ ತಮ್ಮ ಭಾಷೆ, ಹಾಡು, ಕುಣಿತ, ನೌಕಾಯಾನಗಳ ಬಗ್ಗೆ ಹೊಸ ಎಚ್ಚರ ಮೂಡಿತು. 1978ರ ರಾಜ್ಯ ಸಂವಿಧಾನ ತಿದ್ದುಪಡಿಯಲ್ಲಿ ನೀರೂ ಸೇರಿದಂತೆ ನೈಸರ್ಗಿಕ ಸಂಪತ್ತು ಜನರ ಪರವಾಗಿ ಸರ್ಕಾರ ನೋಡಿಕೊಳ್ಳಬೇಕಾದ ನಂಬಿಕೆಯ ಸೊತ್ತು ಎಂದು ಬರೆದರು. ಹವಾಯಿ ಭಾಷೆಗೆ ಇಂಗ್ಲಿಷ್ ಜೊತೆ ಅಧಿಕೃತ ಸ್ಥಾನ ಸಿಕ್ಕಿತು.

1995ರಲ್ಲಿ ಓವಾಹುವಿನ ಆ ಸಕ್ಕರೆ ತೋಟ ಮುಚ್ಚಿತು. ಹಾಗಾದರೆ ಕಾಲುವೆಯ ನೀರು ಯಾರಿಗೆ? ಹೊಸ ಬಳಕೆದಾರರು ಸಾಲುನಿಂತರು. ಕಾಲೊ ಬೆಳೆಗಾರರು ಹಳ್ಳಕ್ಕೇ ಬಿಡಿ ಎಂದರು. 2000ದಲ್ಲಿ ಹವಾಯಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ನೀಡಿತು. ನೀರು ಸಾರ್ವಜನಿಕ ನಂಬಿಕೆಯ ಸೊತ್ತು. ಹಳ್ಳದಲ್ಲಿ ಹರಿಯುವ ನೀರಿಗೂ, ಮೂಲನಿವಾಸಿಗಳ ಸಾಂಪ್ರದಾಯಿಕ ಬಳಕೆಗೂ ರಕ್ಷಣೆಯಿದೆ. ವಾಣಿಜ್ಯಕ್ಕಾಗಿ ನೀರು ಬೇಕೆನ್ನುವವರು ತಮಗೆ ಅದು ಏಕೆ ಬೇಕೆಂದು ಸಾಬೀತು ಮಾಡಬೇಕು ಎಂಬುದು ಅದರ ತಿರುಳು. ನೀರಿನ ಒಂದು ಪಾಲು ಹಳ್ಳಕ್ಕೆ ಮರಳಿತು. ಮಾವಿ ದ್ವೀಪದಲ್ಲಿ ಕೊನೆಯ ಸಕ್ಕರೆ ತೋಟ 2016ರಲ್ಲಿ ನಿಂತಿತು. 2018ರಲ್ಲಿ ಅಲ್ಲಿನ ಪೂರ್ವ ಭಾಗದ ಹಲವು ಹಳ್ಳಗಳಿಗೆ ನೀರು ಬಿಡುವ ಆದೇಶ ಬಂತು.

ಓವಾಹುವಿನ ಹೆಈಯಾ ಎಂಬಲ್ಲಿ 88 ಎಕರೆಯ ಒಂದು ಮೀನುಕೊಳವಿದೆ. ಸುಮಾರು 600ರಿಂದ 800 ವರ್ಷ ಹಳೆಯದು. ಗೋಡೆಯ ಉದ್ದ 2 ಕಿ.ಮೀ.ಯಷ್ಟು. 1965ರ ಪ್ರವಾಹದಲ್ಲಿ ಅದು ಒಡೆಯಿತು. ಹೊರಗಿನಿಂದ ಬಂದ ಮ್ಯಾಂಗ್ರೋವ್ ಗಿಡಗಳು ಗೋಡೆಯೊಳಗೆ ಬೇರುಬಿಟ್ಟವು. 2001ರಲ್ಲಿ ಸ್ಥಳೀಯ ಯುವಕರು ಸಂಸ್ಥೆ ಕಟ್ಟಿಕೊಂಡು ಕೆಲಸ ಹಿಡಿದರು. ಸಾವಿರಾರು ಸ್ವಯಂಸೇವಕರು ವರ್ಷಗಟ್ಟಲೆ ಕಲ್ಲು ಹೊತ್ತರು. 1965ರ ಆ ಬಿರುಕು 2015ರ ಕೊನೆಯಲ್ಲಿ ಮುಚ್ಚಿತು. ಒಡೆದ ಬಟ್ಟಲಿಗೆ ಹಾಕಿದ ಪೇವಾ ಎಂದೇ ಇದನ್ನು ಕರೆಯಬಹುದು. ಅದೇ 2015ರಲ್ಲಿ ಕವಾಯಿ ದ್ವೀಪದ ಹಾಏನಾ ಎಂಬ ಊರಿನ ಜನ ತಾವೇ ರೂಪಿಸಿದ ಮೀನುಗಾರಿಕೆಯ ನಿಯಮಗಳು ಸರ್ಕಾರದ ನಿಯಮಗಳಾಗಿ ಜಾರಿಯಾದವು.

ಇನ್ನೊಂದು ಸಣ್ಣ ಪ್ರಸಂಗ. ಹವಾಯಿ ವಿಶ್ವವಿದ್ಯಾಲಯ ತಾನು ಅಭಿವೃದ್ಧಿಪಡಿಸಿದ ಮೂರು ಕಾಲೊ ತಳಿಗಳಿಗೆ ಪೇಟೆಂಟ್ ಪಡೆದಿತ್ತು. ಅಣ್ಣನ ಮೇಲೆ ಒಡೆತನ ಸಾಧಿಸುವುದುಂಟೆ ಎಂದು ಜನ ಪ್ರತಿಭಟಿಸಿದರು. 2006ರಲ್ಲಿ ವಿಶ್ವವಿದ್ಯಾಲಯ ಪೇಟೆಂಟ್ ಬಿಟ್ಟುಕೊಟ್ಟಿತು. ಪುರಾಣದ ಕಥೆಯೊಂದು ಕಾನೂನಿನ ಕಾಗದವನ್ನು ಹಿಂತೆಗೆಸಿದ್ದು ಸಣ್ಣ ಸಂಗತಿಯಲ್ಲ.

ಒಣ ಹುಲ್ಲು ಮತ್ತು ಬೆಂಕಿ

ಆದರೆ ಹೋದದ್ದೆಲ್ಲ ಮರಳಿಲ್ಲ. ಮಾವಿ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಲಹೈನಾ ಎಂಬ ಪಟ್ಟಣವಿದೆ. 1845ರವರೆಗೆ ಹವಾಯಿ ರಾಜ್ಯದ ರಾಜಧಾನಿ ಅದು. ಊರಿನಲ್ಲಿ ವರ್ಷಕ್ಕೆ 15 ಅಂಗುಲಕ್ಕಿಂತ ಕಡಿಮೆ ಮಳೆ. ಆದರೆ ಅಲ್ಲಿಂದ ಸುಮಾರು 10 ಕಿ.ಮೀ. ದೂರದ ಬೆಟ್ಟದ ತುದಿಯಲ್ಲಿ 350 ಅಂಗುಲಕ್ಕೂ ಹೆಚ್ಚು. ಆ ಬೆಟ್ಟದ ನೀರು ಹರಿದು ಬರುತ್ತಿದ್ದುದರಿಂದ ಒಣ ಊರಿನಲ್ಲಿ ಕಾಲೊ ಗದ್ದೆ, ದೀವಿಹಲಸಿನ ತೋಪು, ನಡುವೆ ದೊಡ್ಡ ಕೊಳ, ಕೊಳದೊಳಗಿನ ನಡುಗಡ್ಡೆಯಲ್ಲಿ ರಾಜನ ನಿವಾಸ ಇದ್ದವು. ಹಳ್ಳಗಳು ಕಬ್ಬಿನ ತೋಟಕ್ಕೆ ತಿರುಗಿದವು. ಕೊಳವನ್ನು 20ನೇ ಶತಮಾನದ ಆರಂಭದಲ್ಲಿ ಮುಚ್ಚಿ ಮೇಲೆ ಆಟದ ಮೈದಾನ ಮಾಡಿದರು. 1999ರಲ್ಲಿ ಅಲ್ಲಿನ ಸಕ್ಕರೆ ಕಾರ್ಖಾನೆಯೂ ಮುಚ್ಚಿತು. ಪಾಳುಬಿದ್ದ ಹೊಲಗಳಲ್ಲಿ ಹೊರನಾಡಿನಿಂದ ತಂದ ಹುಲ್ಲು ಆಳೆತ್ತರ ಬೆಳೆದು ಒಣಗಿತು.

2023ರ ಆಗಸ್ಟ್ 8ರಂದು ಬಿರುಗಾಳಿಗೆ ವಿದ್ಯುತ್ ತಂತಿ ಹರಿಯಿತು. ಬೆಳಿಗ್ಗೆ ಹೊತ್ತಿ, ಆರಿತೆಂದುಕೊಂಡ ಬೆಂಕಿ ಮಧ್ಯಾಹ್ನ ಮತ್ತೆ ಎದ್ದಿತು. ಪಟ್ಟಣ ಸುಟ್ಟುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಗಾಳಿ, ಬರ, ತಂತಿ ಎಲ್ಲವೂ ಕಾರಣಗಳೇ. ಆದರೆ ತೇವದ ಊರೊಂದು ಒಣಹುಲ್ಲಿನ ನಡುವಿನ ಊರಾದದ್ದಕ್ಕೆ 150 ವರ್ಷಗಳ ಇತಿಹಾಸವಿದೆ. ಹಳ್ಳ ತಿರುಗಿಸಿದ ದಿನ ಈ ಬಿಲ್ಲನ್ನು ಯಾರೂ ನೋಡಿರಲಿಲ್ಲ. ಬಿಲ್ಲು ಕಟ್ಟಿದವರು ಬೇರೆಯವರು.

ಐದು ಸೆಂಟಿನ ಬಾಟಲಿ

ಇನ್ನು ಇಂದಿನ ಮರುಬಳಕೆಗೆ ಬರೋಣ. 14 ಲಕ್ಷದಷ್ಟು ಜನಸಂಖ್ಯೆಯ ಹವಾಯಿಗೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕೋಟಿ ಪ್ರವಾಸಿಗರು ಬರುತ್ತಾರೆ. ಒಂದು ಕಾಲಕ್ಕೆ ತನ್ನ ಅನ್ನ ತಾನೇ ಬೆಳೆದುಕೊಂಡಿದ್ದ ನಾಡಿಗೆ ಈಗ ಆಹಾರದ ಬಹುಪಾಲು ಹಡಗಿನಲ್ಲಿ ಬರಬೇಕು. ಬರುವುದೆಲ್ಲ ಡಬ್ಬಿ, ಬಾಟಲಿ, ಪ್ಲಾಸ್ಟಿಕ್‌ನೊಳಗೆ. ಕಸ ಹಾಕಲು ಜಾಗ ಕಡಿಮೆ. ಓವಾಹುವಿನ ಕಸವನ್ನು ಸುಟ್ಟು ವಿದ್ಯುತ್ ಮಾಡುವ ಸ್ಥಾವರ 1990ರಲ್ಲಿ ಆರಂಭವಾಯಿತು. 2005ರಿಂದ ಪಾನೀಯದ ಪ್ರತಿ ಬಾಟಲಿಗೆ ಐದು ಸೆಂಟು ಠೇವಣಿ. ಖಾಲಿ ಬಾಟಲಿ ಹಿಂದಿರುಗಿಸಿದರೆ ಹಣ ವಾಪಸು. 2011ರಲ್ಲಿ ಮಾವಿ, ಕವಾಯಿಗಳಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. 2015ರ ಹೊತ್ತಿಗೆ ನಾಲ್ಕೂ ಮುಖ್ಯ ಕೌಂಟಿಗಳಿಗೆ ಹಬ್ಬಿತು. ಹೊನೊಲುಲುವಿನ ಕೆಲವು ಅಂಗಡಿಗಳು ಆಗ ಸ್ವಲ್ಪ ದಪ್ಪ ಪ್ಲಾಸ್ಟಿಕ್ ಚೀಲ ಕೊಟ್ಟು, ಇದು ಮರುಬಳಕೆಯದು ಎಂದವು! 2020ರಲ್ಲಿ ಅದಕ್ಕೂ ತಡೆ ಬಿತ್ತು. ಮನುಷ್ಯನ ಜಾಣತನ ಎಲ್ಲ ಕಡೆಯೂ ಒಂದೇ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಅವುಗಳ ಮಿತಿ ಅರಿಯಬೇಕಾದರೆ ಕಮಿಲೊ ಕಡಲತೀರವನ್ನು ನೋಡಬೇಕು. ಹವಾಯಿ ದ್ವೀಪದ ದಕ್ಷಿಣ ಮೂಲೆಯಲ್ಲಿರುವ ಈ ತೀರಕ್ಕೆ ಸಾಗರದ ಪ್ರವಾಹಗಳು ವಸ್ತುಗಳನ್ನು ತಂದು ಹಾಕುತ್ತವೆ. ಹಿಂದೆ ಉತ್ತರ ಅಮೆರಿಕದ ಕಾಡುಗಳಿಂದ ತೇಲಿ ಬಂದ ಭಾರಿ ಮರದ ದಿಮ್ಮಿಗಳು ಅಲ್ಲಿ ಸಿಗುತ್ತಿದ್ದವು. ಜನ ಅವುಗಳಿಂದ ದೋಣಿ ಕೆತ್ತುತ್ತಿದ್ದರು. ಇಂದು ಅದೇ ಪ್ರವಾಹ ತರುವುದು ಪ್ಲಾಸ್ಟಿಕ್. ಹರಿದ ಬಲೆ, ಮುಚ್ಚಳ, ಹಲ್ಲುಜ್ಜುವ ಬ್ರಷ್. ಸುಟ್ಟ ಪ್ಲಾಸ್ಟಿಕ್ ಕರಗಿ ಮರಳು, ಲಾವಾ, ಹವಳದೊಡನೆ ಸೇರಿ ಗಟ್ಟಿಯಾದ ಹೊಸ ಬಗೆಯ ಕಲ್ಲನ್ನು ಈ ತೀರದಲ್ಲಿ ಗುರುತಿಸಿ 2014ರಲ್ಲಿ ವಿಜ್ಞಾನಿಗಳು ಅದಕ್ಕೆ ‘ಪ್ಲಾಸ್ಟಿಗ್ಲೊಮರೇಟ್’ ಎಂದು ಹೆಸರಿಟ್ಟರು. ಹವಾಯಿಯ ಜನ ತಮ್ಮ ಒಂದೊಂದು ಬಾಟಲಿಯನ್ನೂ ಹಿಂದಿರುಗಿಸಿದರೂ ಕಮಿಲೊ ಶುಭ್ರವಾಗುವುದಿಲ್ಲ. ಆ ಕಸವನ್ನು ಎಸೆದವರು ಸಾವಿರಾರು ಮೈಲಿ ಆಚೆ ಇದ್ದಾರೆ, ಹಡಗುಗಳಲ್ಲಿದ್ದಾರೆ.

ಹಾಗೆ ನೋಡಿದರೆ ಹಳೆಯ ಹವಾಯಿಯವರ ಪ್ರಶ್ನೆ ಮತ್ತೆ ಎದುರಿಗೆ ಬರುತ್ತದೆ: ನನ್ನನ್ನು ದಾಟಿ ಇದು ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರಿದ್ದಾರೆ? ಅವರ ಹೋಳು ಕೆಲವು ಕಿ.ಮೀ. ಉದ್ದವಿತ್ತು, ಹಳ್ಳದ ಕೆಳತುದಿಯವನ ಮುಖ ಮೇಲ್ತುದಿಯವನಿಗೆ ಪರಿಚಿತವಾಗಿತ್ತು. ನಮ್ಮ ಹೋಳು ಈಗ ಭೂಮಿಯಷ್ಟೇ ದೊಡ್ಡದಾಗಿದೆ; ಕೆಳತುದಿಯವನ ಮುಖ ಕಾಣುವುದಿಲ್ಲ. ಎಲ್ಲರೂ ಕಾಲೊ ಗದ್ದೆಗೆ ಹಿಂದಿರುಗಿ ಎಂದು ನಾನು ಹೇಳುತ್ತಿಲ್ಲ. ಹವಾಯಿಯವರೂ ಹಾಗೆ ಹೇಳುವುದಿಲ್ಲ. ಅವರು ಮಾಡಿದ್ದು ಇಷ್ಟೆ: ಒಂದು ಹಳ್ಳ, ಒಂದು ಗೋಡೆ, ಒಂದು ತೀರ ಹಿಡಿದುಕೊಂಡು, ಅದರ ಮೇಲ್ತುದಿ, ಕೆಳತುದಿಯವರನ್ನು ಮತ್ತೆ ಒಂದೆಡೆ ಕೂರಿಸಿದರು. ಎಲ್ಲಿ ಹಾಗೆ ಕೂರಿಸಲು ಸಾಧ್ಯವಾಯಿತೋ ಅಲ್ಲಿ ನೀರು ಮರಳಿತು, ಮೀನು ಮರಳಿತು. ಎಲ್ಲಿ ಆಗಲಿಲ್ಲವೋ ಅಲ್ಲಿ ಹುಲ್ಲು ಒಣಗಿತು.

ಮುಂದಿನ ಮಳೆಗಾಲದಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಕೊಯ್ಯುವಾಗ ಈ ದೂರದ ನೆಂಟರನ್ನು ಒಮ್ಮೆ ನೆನೆಯಿರಿ. ಆ ಗಿಡದ ಬುಡಕ್ಕೆ ಹೋಗುವ ಬಚ್ಚಲ ನೀರು ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲ ನಡೆದು ನೋಡಿ.